ಉಬುಂಟು ವಿಎಂನಲ್ಲಿ ಎರಡನೇ ನೆಟ್‌ವರ್ಕ್ ಅಡಾಪ್ಟರ್ ಡೌನ್ ಅಂತ ತೋರಿಸುತ್ತಿದೆ, ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಆಗುತ್ತಿಲ್ಲ

ಹಾಸ್ಟೆಲ್ ಹುಡುಗ · ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ಗೆ ಹೊಸಬ. ಮಿನಿ ಪ್ರಾಜೆಕ್ಟ್‌ಗೆ ಎರಡು ವಿಎಂ (ಲ್ಯಾಪ್‌ಟಾಪ್ ಒಳಗೇ ಓಡುವ ವರ್ಚುವಲ್ ಕಂಪ್ಯೂಟರ್) ಬೇಕು, ಒಂದರಲ್ಲಿ ವೆಬ್ ಸರ್ವರ್, ಇನ್ನೊಂದರಲ್ಲಿ ಡೇಟಾಬೇಸ್. ಸದ್ಯಕ್ಕೆ ಒಂದನ್ನೇ ಸರಿ ಮಾಡಲು ಆಗುತ್ತಿಲ್ಲ.

ಲ್ಯಾಪ್‌ಟಾಪ್ ವಿಂಡೋಸ್ 11, 8 ಜಿಬಿ ರ್‍ಯಾಮ್. ವಿಎಂ ಓಡಿಸಲು ವರ್ಚುವಲ್‌ಬಾಕ್ಸ್ 7. ಒಳಗೆ ಉಬುಂಟು ಸರ್ವರ್ 24.04. ಮೊದಲು ನ್ಯಾಟ್ ಇತ್ತು. ಇಂಟರ್‌ನೆಟ್ ಬರುತ್ತಿತ್ತು, ಐಪಿ 10.0.2.15. ಆದರೆ ವಿಂಡೋಸ್‌ನಿಂದ ಆ ಐಪಿಗೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಲಾಗಿನ್) ಮಾಡಿದರೆ ಸುಮ್ನೆ ಕಾಯುತ್ತಾ ಕೂರುತ್ತದೆ. ಯಾರೋ ಬ್ರಿಡ್ಜ್ (ವಿಎಂ ನೇರ ರೂಟರ್‌ಗೆ ಸೇರುವ ಬಗೆ) ಹಾಕು ಅಂದರು. ಹಾಕಿದೆ. ಇದ್ದ ಇಂಟರ್‌ನೆಟ್ಟೂ ಹೋಯಿತು, ಐಪಿಯೇ ಬರಲಿಲ್ಲ. ವಾಪಸ್ ನ್ಯಾಟ್‌ಗೆ ಬಂದು, ಎರಡನೇ ಅಡಾಪ್ಟರ್ ಆಗಿ ಹೋಸ್ಟ್-ಓನ್ಲಿ (ಲ್ಯಾಪ್‌ಟಾಪ್ ಮತ್ತು ವಿಎಂಗಳ ನಡುವೆ ಮಾತ್ರ ಇರುವ ಜಾಲ) ಸೇರಿಸಿದೆ. ಈಗ ಮೊದಲನೆಯದು ಸರಿ ಇದೆ, ಎರಡನೆಯದು ಡೌನ್ ಅಂತ ತೋರಿಸುತ್ತಿದೆ. ಐಎಫ್‌ಕಾನ್ಫಿಗ್ ಹೊಡೆದರೆ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ.

ವಿಎಂ ಕಿಟಕಿಯಿಂದ ಕಾಪಿ-ಪೇಸ್ಟ್ ಆಗುವುದಿಲ್ಲ, ಫೋನಿನಲ್ಲಿ ನೋಡಿಕೊಂಡು ಟೈಪ್ ಮಾಡುತ್ತಿದ್ದೇನೆ. ಅದಕ್ಕೇ ಕಮಾಂಡ್‌ಗಳೂ ಕನ್ನಡದಲ್ಲೇ ಇವೆ, ಬೈಯಬೇಡಿ.

ರೂಟ್ ರಾಗಿಮುದ್ದೆ · ರಾತ್ರಿ 9:32

ಬೈಯುವ ಮಾತೇ ಇಲ್ಲ. ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಅಂತ ಬರೆದಿದ್ದೀರಲ್ಲ, ಅರ್ಧ ಕೆಲಸ ಮುಗಿಯಿತು. ಇಲ್ಲಿ ಬರುವವರಲ್ಲಿ ಜಾಸ್ತಿ ಜನ "ನೆಟ್ ಬರ್ತಿಲ್ಲ, ಅರ್ಜೆಂಟ್" ಅಂತ ಒಂದು ಸಾಲು ಬರೆದು ಹೋಗುತ್ತಾರೆ.

ಮೊದಲು ನ್ಯಾಟ್ ವಿಷಯ. ಅಲ್ಲಿ ಏನೂ ಕೆಟ್ಟಿರಲಿಲ್ಲ. ನ್ಯಾಟ್ ಅಂದರೆ ವಠಾರದ ಒಳಮನೆ ಇದ್ದ ಹಾಗೆ. ಒಳಗಿನವರು ಯಾವಾಗ ಬೇಕಾದರೂ ಬೀದಿಗೆ ಹೋಗಿ ಬರಬಹುದು. ಬೀದಿಯಲ್ಲಿ ನಿಂತವರಿಗೆ ಮಾತ್ರ ಒಳಮನೆ ಬಾಗಿಲು ಕಾಣುವುದಿಲ್ಲ. ಆ 10.0.2.15 ವರ್ಚುವಲ್‌ಬಾಕ್ಸ್ ತನ್ನೊಳಗೇ ಕಟ್ಟಿಕೊಂಡ ಜಾಲದ ನಂಬರ್. ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 10.0.2.2, ಡಿಎನ್‌ಎಸ್ (ಹೆಸರಿಗೆ ನಂಬರ್ ಹುಡುಕಿಕೊಡುವ ಸರ್ವರ್) 10.0.2.3. ಪ್ರಪಂಚದ ಯಾವ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಹಾಕಿದರೂ ನ್ಯಾಟ್‌ನಲ್ಲಿ ಮೊದಲು ಸಿಗುವುದು ಇದೇ ಮೂರು ನಂಬರ್. ನಿಮ್ಮ ವಿಂಡೋಸ್‌ಗೆ ಆ ಜಾಲ ಗೊತ್ತೇ ಇಲ್ಲ, ಇನ್ನು ಎಸ್‌ಎಸ್‌ಎಚ್ ಎಲ್ಲಿಂದ ಆಗಬೇಕು?

ಅಷ್ಟೇ ಸಾಕಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಹಾಕಬಹುದಿತ್ತು. ಹೋಸ್ಟ್ (ಲ್ಯಾಪ್‌ಟಾಪ್) ಪೋರ್ಟ್ 2222, ಗೆಸ್ಟ್ (ವಿಎಂ) ಪೋರ್ಟ್ 22. ಆಮೇಲೆ 127.0.0.1ಕ್ಕೆ 2222 ಪೋರ್ಟ್‌ನಲ್ಲಿ ಎಸ್‌ಎಸ್‌ಎಚ್ ಮಾಡಿದರೆ ಆಯಿತು. ಆದರೆ ನಿಮಗೆ ಎರಡು ವಿಎಂ ಒಂದಕ್ಕೊಂದು ಮಾತಾಡಬೇಕು. ಬರೀ ನ್ಯಾಟ್‌ನಲ್ಲಿ ಅದು ಆಗುವುದಿಲ್ಲ, ಎರಡಕ್ಕೂ ಅದೇ 10.0.2.15 ಸಿಗುತ್ತದೆ, ಒಂದಕ್ಕೊಂದು ಕಾಣುವುದೂ ಇಲ್ಲ. ಹಾಗಾಗಿ ಒಂದು ನ್ಯಾಟ್, ಒಂದು ಹೋಸ್ಟ್-ಓನ್ಲಿ ಅನ್ನುವ ನಿಮ್ಮ ಈಗಿನ ದಾರಿ ಸರಿಯಾಗೇ ಇದೆ.

ಐಎಫ್‌ಕಾನ್ಫಿಗ್ ಬಿಟ್ಟುಬಿಡಿ. ಅದು ನೆಟ್-ಟೂಲ್ಸ್ ಅನ್ನುವ ಹಳೇ ಪ್ಯಾಕೇಜ್, ಈಗ ಉಬುಂಟು ಜೊತೆ ತಾನಾಗಿ ಬರುವುದಿಲ್ಲ. "ಐಪಿ ಲಿಂಕ್" ಹೊಡೆದು ಎರಡನೆಯದರ ಸಾಲಿನಲ್ಲಿ ಏನಿದೆ ಪೂರ್ತಿ ಬರೆಯಿರಿ. ಬರೀ ಡೌನ್ ಅಂತಿದೆಯಾ, ನೋ-ಕ್ಯಾರಿಯರ್ ಅಂತಲೂ ಇದೆಯಾ? ಎರಡೂ ಬೇರೆ ಬೇರೆ ಕಾಯಿಲೆ.

ಮೋಡದ ಮನೆ · ರಾತ್ರಿ 9:40

8 ಜಿಬಿಯಲ್ಲಿ ಎರಡು ವಿಎಂ ಯಾಕೆ ಗುರು, ಎರಡು ಕಂಟೇನರ್ ಎಬ್ಬಿಸಿ ಮುಗಿಸು. ಇಲ್ಲಾ ಯಾವುದಾದರೂ ಕ್ಲೌಡ್‌ನಲ್ಲಿ ಫ್ರೀ ಮಷೀನ್ ತಗೋ.

ರೂಟ್ ರಾಗಿಮುದ್ದೆ · ರಾತ್ರಿ 9:44

ಅವರು ಕೇಳಿದ್ದು ಅದಲ್ಲವಲ್ಲ. ಕಂಟೇನರ್ ನೆಟ್‌ವರ್ಕ್ ಕೆಟ್ಟರೂ ಕೊನೆಗೆ ನೋಡಬೇಕಾದ್ದು ಇದೇ ಬ್ರಿಡ್ಜ್, ಇದೇ ರೂಟ್ ಟೇಬಲ್. ಇಲ್ಲೇ ಕಲಿಯಲಿ ಬಿಡಿ. ಜಿಯುಐ (ಕಿಟಕಿ-ಮೌಸ್ ಪರದೆ) ಇಲ್ಲದ ಉಬುಂಟು ಸರ್ವರ್‌ಗೆ ತಲಾ 1 ಜಿಬಿ ಕೊಟ್ಟರೂ ಈ ಕೆಲಸಕ್ಕೆ ನಡೆಯುತ್ತದೆ.

ಹಾಸ್ಟೆಲ್ ಹುಡುಗ · ರಾತ್ರಿ 9:58

ಮೂರು ಸಾಲು ಬಂತು ಸರ್. ಒಂದು ಲೋ. ಎರಡು ಇಎನ್‌ಪಿ0ಎಸ್3, ಸ್ಟೇಟ್ ಅಪ್. ಮೂರು ಇಎನ್‌ಪಿ0ಎಸ್8, ಸ್ಟೇಟ್ ಡೌನ್. ನೋ-ಕ್ಯಾರಿಯರ್ ಅಂತ ಎಲ್ಲೂ ಇಲ್ಲ.

ಇನ್ನೊಂದು ಡೌಟ್. ವಿಡಿಯೋಗಳಲ್ಲಿ ಎಲ್ಲರಿಗೂ ಇಟಿಎಚ್0 ಇರುತ್ತದೆ. ನನಗೆ ಯಾಕೆ ಈ ವಿಚಿತ್ರ ಹೆಸರು? 3 ಆದಮೇಲೆ ನೇರ 8 ಯಾಕೆ?

ಹಳೇ ಪೆಂಗ್ವಿನ್ · ರಾತ್ರಿ 10:15

ಈ ಪ್ರಶ್ನೆ ನನಗೆ ಬಿಡಿ.

ಮೊದಲು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಯಾವ ಕಾರ್ಡ್ ಮೊದಲು ಸಿಕ್ಕಿತೋ ಅದು ಇಟಿಎಚ್0, ಆಮೇಲೆ ಸಿಕ್ಕಿದ್ದು ಇಟಿಎಚ್1. ಎರಡು ಕಾರ್ಡ್ ಇರುವ ಸರ್ವರ್ ರೀಬೂಟ್ ಮಾಡಿದರೆ ಕೆಲವು ಸಲ ಹೆಸರು ಅದಲುಬದಲು. ಒಳಗಿನ ಜಾಲಕ್ಕೆ ಹಾಕಿದ್ದ ಫೈರ್‌ವಾಲ್ ನಿಯಮ ಹೊರಗಿನ ಜಾಲಕ್ಕೆ ಹತ್ತಿಕೊಳ್ಳುತ್ತಿತ್ತು. ನಾನು ಒಂದು ರಾತ್ರಿ ಪೂರ್ತಿ ಅದಕ್ಕೆ ಜಾಗರಣೆ ಮಾಡಿದ್ದೇನೆ, ಶಿವರಾತ್ರಿ ಅಲ್ಲದಿದ್ದರೂ. 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ನಡೆಸುವ ಪ್ರೋಗ್ರಾಂ) 197ನೇ ಆವೃತ್ತಿಯಿಂದ ಕಾರ್ಡ್ ಕೂತ ಜಾಗ ನೋಡಿ ಹೆಸರಿಡುವ ಪದ್ಧತಿ ಬಂತು. ಇಎನ್ ಅಂದರೆ ಈಥರ್‌ನೆಟ್, ಪಿ0 ಅಂದರೆ 0ನೇ ಪಿಸಿಐ ಬಸ್, ಎಸ್3 ಅಂದರೆ 3ನೇ ಸ್ಲಾಟ್.

ವರ್ಚುವಲ್‌ಬಾಕ್ಸ್ ಮೊದಲ ಅಡಾಪ್ಟರನ್ನು 3ನೇ ಸ್ಲಾಟ್‌ನಲ್ಲಿ ಕೂರಿಸುತ್ತದೆ. 4ರಿಂದ 7ರವರೆಗೆ ಗೆಸ್ಟ್ ಸರ್ವೀಸ್, ಆಡಿಯೋ, ಯುಎಸ್‌ಬಿ, ಪವರ್ ಇವೆಲ್ಲ ಸೀಟು ಹಿಡಿದಿರುತ್ತವೆ. ಅದಕ್ಕೇ ಎರಡನೇ ಅಡಾಪ್ಟರ್ 8ಕ್ಕೆ ಹೋಗುತ್ತದೆ. "ಎಲ್‌ಎಸ್‌ಪಿಸಿಐ" ಹೊಡೆದರೆ ಕಣ್ಣಾರೆ ನೋಡಬಹುದು. ಕರ್ನಲ್ ಆಯ್ಕೆಯಲ್ಲಿ ನೆಟ್.ಐಎಫ್‌ನೇಮ್ಸ್ ಸೊನ್ನೆ ಮಾಡಿದರೆ ಹಳೇ ಹೆಸರು ವಾಪಸ್ ಬರುತ್ತದೆ. ಆದರೆ ಬರೀ ವಿಡಿಯೋ ಜೊತೆ ಹೆಸರು ಹೊಂದಲಿ ಅಂತ ಹಾಗೆ ಮಾಡಬೇಡಿ.

ಇನ್ನು ನಿಮ್ಮ ಸಮಸ್ಯೆಗೆ, ಎಟ್ಸಿ ಫೋಲ್ಡರ್, ನೆಟ್‌ವರ್ಕ್, ಅದರೊಳಗೆ ಇಂಟರ್‌ಫೇಸಸ್ ಅನ್ನುವ ಫೈಲ್. ಅಲ್ಲಿ "ಆಟೋ" ಮತ್ತು "ಐಫೇಸ್" ಸಾಲು ಸೇರಿಸಿ ನೆಟ್‌ವರ್ಕಿಂಗ್ ಸರ್ವೀಸ್ ರೀಸ್ಟಾರ್ಟ್ ಮಾಡಿ, ಸರಿಹೋಗುತ್ತದೆ.

ಬ್ಲ್ಯಾಕ್ ಕಾಫಿ · ರಾತ್ರಿ 10:21

ಪೆಂಗ್ವಿನ್ ಸರ್, ಇತಿಹಾಸ ಪಾಠಕ್ಕೆ ಫುಲ್ ಮಾರ್ಕ್ಸ್, ಕೊನೆಯ ಪ್ಯಾರಾಗೆ ಮಾತ್ರ ಇಲ್ಲ. ಆ ಫೈಲ್ ಡೆಬಿಯನ್‌ನಲ್ಲಿ ಇನ್ನೂ ನಡೆಯುತ್ತದೆ. ಉಬುಂಟು 17.10ರಿಂದ ನೆಟ್‌ಪ್ಲಾನ್ ಅನ್ನುವ ನೆಟ್‌ವರ್ಕ್ ಸೆಟ್ಟಿಂಗ್ ಪದ್ಧತಿಗೆ ಬದಲಾಗಿದೆ. ಹೊಸದಾಗಿ ಹಾಕಿದ 24.04ರಲ್ಲಿ ನೆಟ್‌ವರ್ಕಿಂಗ್ ಅನ್ನುವ ಸರ್ವೀಸೇ ಇರುವುದಿಲ್ಲ.

ಹುಡುಗಾ, ನಿನಗೆ ಆಗಿರುವುದು ಇಷ್ಟು. ಉಬುಂಟು ಇನ್‌ಸ್ಟಾಲ್ ಮಾಡುವಾಗ ಒಂದೇ ಅಡಾಪ್ಟರ್ ಇತ್ತು. ಇನ್‌ಸ್ಟಾಲರ್ ಆಗ ಕಂಡಿದ್ದನ್ನು ಮಾತ್ರ ನೆಟ್‌ಪ್ಲಾನ್ ಫೈಲಿನಲ್ಲಿ ಬರೆದಿಟ್ಟಿತು. ಆಮೇಲೆ ನೀನು ಎರಡನೇ ಅಡಾಪ್ಟರ್ ಸೇರಿಸಿದೆ. ಕರ್ನಲ್‌ಗೆ ಕಾಣಿಸಿತು, ಅದಕ್ಕೇ ಐಪಿ ಲಿಂಕ್‌ನಲ್ಲಿ ಹೆಸರಿದೆ. ಆದರೆ ಅದನ್ನು ಎಬ್ಬಿಸು ಅಂತ ಯಾರೂ ಹೇಳಿಲ್ಲ, ಅದು ಮಲಗಿದೆ. ಕೆಟ್ಟಿಲ್ಲ. ನೋ-ಕ್ಯಾರಿಯರ್ ಅಂತಿದ್ದರೆ ವರ್ಚುವಲ್‌ಬಾಕ್ಸ್ ಸೆಟ್ಟಿಂಗ್‌ನಲ್ಲಿ "ಕೇಬಲ್ ಕನೆಕ್ಟೆಡ್" ಟಿಕ್ ಹೋಗಿದೆಯಾ ನೋಡು ಅನ್ನುತ್ತಿದ್ದೆ.

ಎಟ್ಸಿ ಒಳಗೆ ನೆಟ್‌ಪ್ಲಾನ್ ಫೋಲ್ಡರ್‌ಗೆ ಹೋಗು. 50 ಅಂತ ಶುರುವಾಗುವ ಕ್ಲೌಡ್-ಇನಿಟ್ ಹೆಸರಿನ ಯಾಮಲ್ (ಸ್ಪೇಸ್ ಲೆಕ್ಕದಲ್ಲಿ ಬರೆಯುವ ಸೆಟ್ಟಿಂಗ್) ಫೈಲ್ ಇರುತ್ತದೆ. ಅದರಲ್ಲಿ ಈಥರ್‌ನೆಟ್ಸ್ ಕೆಳಗೆ ಇಎನ್‌ಪಿ0ಎಸ್3 ಇದೆಯಲ್ಲ, ಅದೇ ಅಂಕಣಕ್ಕೆ ಸರಿಯಾಗಿ ಇಎನ್‌ಪಿ0ಎಸ್8 ಬರೆದು ಕೋಲನ್ ಹಾಕು. ಅದರ ಕೆಳಗೆ ಎರಡು ಸ್ಪೇಸ್ ಒಳಗೆ ಡಿಎಚ್‌ಸಿಪಿ4, ಕೋಲನ್, ಟ್ರೂ. ಡಿಎಚ್‌ಸಿಪಿ ಅಂದರೆ ಐಪಿ ತಾನಾಗಿ ಹಂಚುವ ವ್ಯವಸ್ಥೆ. ಟ್ಯಾಬ್ ಒತ್ತಬೇಡ, ಯಾಮಲ್‌ಗೆ ಟ್ಯಾಬ್ ಅಂದರೆ ಆಗುವುದೇ ಇಲ್ಲ. ಆಮೇಲೆ "ಸುಡೋ ನೆಟ್‌ಪ್ಲಾನ್ ಟ್ರೈ" (ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ). ಅಪ್ಲೈ ಬೇಡ, ಟ್ರೈ ಕೊಡು. ತಪ್ಪಾಗಿ ಏನಾದರೂ ಬಿದ್ದುಹೋದರೆ 120 ಸೆಕೆಂಡ್‌ನಲ್ಲಿ ತಾನೇ ಹಳೆಯದಕ್ಕೆ ವಾಪಸ್ ಹೋಗುತ್ತದೆ. ಸರಿ ಇದ್ದರೆ ಎಂಟರ್ ಒತ್ತು.

ಹಾಸ್ಟೆಲ್ ಹುಡುಗ · ರಾತ್ರಿ 11:05

ಅಕ್ಕಾ, ಮೇಲೆದ್ದಿತು! ಆದರೆ ಈಗ ಇಂಟರ್‌ನೆಟ್ ಹೋಯಿತು 😭

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಐಪಿ ಬದಲಾಗದೆ ಇರಲಿ ಅಂತ ಡಿಎಚ್‌ಸಿಪಿ ಬದಲು ಯಾವುದೋ ಬ್ಲಾಗ್ ನೋಡಿಕೊಂಡು ಸ್ಟಾಟಿಕ್ ಹಾಕಿದೆ. ವಿಳಾಸ 192.168.56.10/24, ಗೇಟ್‌ವೇ 192.168.56.1. ವಿಂಡೋಸ್‌ನಿಂದ ಎಸ್‌ಎಸ್‌ಎಚ್ ಆಗುತ್ತಿದೆ. ಎಪಿಟಿ ಅಪ್‌ಡೇಟ್ (ಇಂಟರ್‌ನೆಟ್‌ನಿಂದ ಪ್ಯಾಕೇಜ್ ಪಟ್ಟಿ ತರುವ ಕಮಾಂಡ್) ಮಾತ್ರ ನಿಂತಿದೆ. 8.8.8.8 ಪಿಂಗ್ ಕೂಡ ಇಲ್ಲ. ಡಿಎನ್‌ಎಸ್ ಸಮಸ್ಯೆ ಇರಬಹುದಾ?

ಬ್ಲ್ಯಾಕ್ ಕಾಫಿ · ರಾತ್ರಿ 11:12

ಡಿಎನ್‌ಎಸ್ ಅಲ್ಲ. 8.8.8.8 ಅನ್ನುವುದು ನಂಬರ್, ಅದಕ್ಕೆ ಹೆಸರು ಹುಡುಕುವ ಕೆಲಸವೇ ಇಲ್ಲ. ನಂಬರ್‌ಗೆ ಪಿಂಗ್ ಆಗಿ ಹೆಸರಿಗೆ ಆಗದಿದ್ದರೆ ಡಿಎನ್‌ಎಸ್. ನಂಬರ್‌ಗೇ ಆಗದಿದ್ದರೆ ಅದಕ್ಕಿಂತ ಕೆಳಗಿನ ತೊಂದರೆ. "ಐಪಿ ರೂಟ್" ಹೊಡೆದು ಡಿಫಾಲ್ಟ್ ಅಂತ ಶುರುವಾಗುವ ಸಾಲು ಎಷ್ಟಿವೆ ಎಣಿಸು. ಎರಡಿರುತ್ತವೆ, ಪಂಥ ಕಟ್ಟುತ್ತೇನೆ.

ಹಾಸ್ಟೆಲ್ ಹುಡುಗ · ರಾತ್ರಿ 11:16

ಎರಡೇ!!

ಒಂದು: ಡಿಫಾಲ್ಟ್ ವಯಾ 192.168.56.1, ಇಎನ್‌ಪಿ0ಎಸ್8, ಸ್ಟಾಟಿಕ್.
ಇನ್ನೊಂದು: ಡಿಫಾಲ್ಟ್ ವಯಾ 10.0.2.2, ಇಎನ್‌ಪಿ0ಎಸ್3, ಡಿಎಚ್‌ಸಿಪಿ, ಮೆಟ್ರಿಕ್ 100.

ಬ್ಲ್ಯಾಕ್ ಕಾಫಿ · ರಾತ್ರಿ 11:30

ನೋಡು, ಡಿಫಾಲ್ಟ್ ರೂಟ್ ಅಂದರೆ "ದಾರಿ ಗೊತ್ತಿಲ್ಲದ ಪ್ಯಾಕೆಟ್ ಎಲ್ಲಾ ಈ ಬಾಗಿಲಿಗೆ ಕೊಡು" ಅಂತ. ನೀನು ಎರಡು ಬಾಗಿಲು ತೋರಿಸಿದ್ದೀಯ. ಮೆಟ್ರಿಕ್ ಕಡಿಮೆ ಇದ್ದಷ್ಟೂ ಆದ್ಯತೆ ಜಾಸ್ತಿ. ಸ್ಟಾಟಿಕ್ ಸಾಲಿಗೆ ಮೆಟ್ರಿಕ್ ಬರೆದೇ ಇಲ್ಲ, ಅಂದರೆ ಸೊನ್ನೆ. ಅದೇ ಗೆದ್ದಿತು. ಎಲ್ಲಾ ಪ್ಯಾಕೆಟ್ 192.168.56.1ಕ್ಕೆ ಹೋಗುತ್ತಿವೆ. ಅಲ್ಲಿರುವುದು ನಿನ್ನ ವಿಂಡೋಸ್. ಅದು ರೂಟರ್ ಅಲ್ಲ, ಮುಂದಕ್ಕೆ ಕಳಿಸುವುದಿಲ್ಲ.

ಹೋಸ್ಟ್-ಓನ್ಲಿ ಅನ್ನುವುದು ಕುರುಡು ಓಣಿ. ಅದರಾಚೆ ಊರಿಲ್ಲ. ಅಲ್ಲಿ ಗೇಟ್‌ವೇ ಯಾವತ್ತೂ ಬರೆಯಬಾರದು. ಆ ಸಾಲು ತೆಗೆ, ಮತ್ತೆ ನೆಟ್‌ಪ್ಲಾನ್ ಟ್ರೈ. ನೀನು ನೋಡಿದ ಬ್ಲಾಗ್ ಹಳೆಯದು ಅಂತ ಕಾಣುತ್ತದೆ, ಗೇಟ್‌ವೇ4 ಅನ್ನುವ ಪದವನ್ನೇ ನೆಟ್‌ಪ್ಲಾನ್ ಈಗ ಬೇಡ ಅನ್ನುತ್ತದೆ. ನಿಜವಾಗಿ ಗೇಟ್‌ವೇ ಬೇಕಾದ ಕಡೆ ರೂಟ್ಸ್ ಅಂತ ಬರೆಯಬೇಕು.

ಸ್ಟಾಟಿಕ್ ಇಟ್ಟುಕೊಂಡಿದ್ದು ಒಳ್ಳೆಯದೇ. ವರ್ಚುವಲ್‌ಬಾಕ್ಸ್‌ನ ಡಿಎಚ್‌ಸಿಪಿ ಸಾಮಾನ್ಯವಾಗಿ 101ರಿಂದ ಮೇಲೆ ಹಂಚುತ್ತದೆ, ನೀನು 10 ಇಟ್ಟಿದ್ದೀಯ, ಡಿಕ್ಕಿ ಇಲ್ಲ.

ಹಾಸ್ಟೆಲ್ ಹುಡುಗ · ರಾತ್ರಿ 11:41

ಬಂತು ಅಕ್ಕಾ! ಎಪಿಟಿ ಓಡುತ್ತಿದೆ, ಎಸ್‌ಎಸ್‌ಎಚ್ ಕೂಡ ಇದೆ.

ಆದರೆ ವಿಎಂ ಒಳಗಿನಿಂದ 192.168.56.1ಕ್ಕೆ ಪಿಂಗ್ ಆಗುತ್ತಿಲ್ಲ. ವಿಂಡೋಸ್‌ನಿಂದ ವಿಎಂಗೆ ಆಗುತ್ತದೆ. ಇದು ಸರೀನಾ?

ರೂಟ್ ರಾಗಿಮುದ್ದೆ · ರಾತ್ರಿ 11:50

ಸರಿ. ಅದು ವಿಂಡೋಸ್ ಫೈರ್‌ವಾಲ್. ಹೋಸ್ಟ್-ಓನ್ಲಿ ಜಾಲವನ್ನು ವಿಂಡೋಸ್ ಗುರುತು ಸಿಗದ ಪಬ್ಲಿಕ್ ನೆಟ್‌ವರ್ಕ್ ಅಂತ ಲೆಕ್ಕ ಹಾಕಿ, ಒಳಗೆ ಬರುವ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಇದನ್ನು ನೋಡಿ ನೆಟ್‌ವರ್ಕ್ ಕೆಟ್ಟಿದೆ ಅಂದುಕೊಂಡು, ಸರಿಯಾಗಿದ್ದ ಸೆಟ್ಟಿಂಗ್ ಕಿತ್ತುಹಾಕಿದವರು ಬಹಳ ಜನ. ನಾನೂ ಅದರಲ್ಲಿ ಒಬ್ಬ. ಪಿಂಗ್ ಬರಲಿಲ್ಲ ಅಂದರೆ "ಉತ್ತರ ಬರಲಿಲ್ಲ" ಅಂತ ಮಾತ್ರ ಅರ್ಥ.

ಸುಮ್ನೆ ಓದುಗ · ಭಾನುವಾರ, ಬೆಳಗ್ಗೆ 8:20

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬ್ರಿಡ್ಜ್ ಹಾಕಿದಾಗ ಐಪಿ ಯಾಕೆ ಬರಲಿಲ್ಲ ಅಂತ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಬ್ರಿಡ್ಜ್ ಆರಾಮಾಗಿ ನಡೆಯುತ್ತದೆ.

ಇನ್ನೊಂದು, ನನ್ನದು ಲಿನಕ್ಸ್ ಮೇಲೆ ಕೆವಿಎಂ (ಲಿನಕ್ಸ್‌ನದೇ ವಿಎಂ ವ್ಯವಸ್ಥೆ). ವಿಎಂ ಶುರು ಮಾಡಿದರೆ "ನೆಟ್‌ವರ್ಕ್ ಡಿಫಾಲ್ಟ್ ಆಕ್ಟಿವ್ ಇಲ್ಲ" ಅನ್ನುತ್ತದೆ.

ಬ್ಲ್ಯಾಕ್ ಕಾಫಿ · ಬೆಳಗ್ಗೆ 9:05

ಎರಡನೆಯದು ಸುಲಭ. "ವರ್ಶ್ ನೆಟ್-ಸ್ಟಾರ್ಟ್ ಡಿಫಾಲ್ಟ್", ಆಮೇಲೆ "ವರ್ಶ್ ನೆಟ್-ಆಟೋಸ್ಟಾರ್ಟ್ ಡಿಫಾಲ್ಟ್". ಎರಡೂ ಸುಡೋ ಜೊತೆ. ವಿಐಆರ್‌ಬಿಆರ್0 ಅನ್ನುವ ಬ್ರಿಡ್ಜ್ 192.168.122.1 ಹಿಡಿದುಕೊಂಡು ಏಳುತ್ತದೆ.

ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು. ಬ್ರಿಡ್ಜ್ ಅಂದರೆ ವಿಎಂ ನಿಮ್ಮ ರೂಟರ್‌ಗೆ ನೇರ ಇನ್ನೊಂದು ಕಂಪ್ಯೂಟರ್ ಥರ ಕಾಣಬೇಕು. ಕೇಬಲ್ ಇದ್ದರೆ ತೊಂದರೆ ಇಲ್ಲ, ಒಂದೇ ತಂತಿಯಲ್ಲಿ ಎರಡು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ನಂಬರ್) ಹೋದರೂ ಸ್ವಿಚ್‌ಗೆ ಪರವಾಗಿಲ್ಲ. ವೈಫೈ ಹಾಗಲ್ಲ. ಆಕ್ಸೆಸ್ ಪಾಯಿಂಟ್ ಜೊತೆ ಕೈಕುಲುಕಿದ್ದು ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಒಂದೇ. ಗುರುತಿಲ್ಲದ ಇನ್ನೊಂದು ಮ್ಯಾಕ್‌ನಿಂದ ಫ್ರೇಮ್ ಬಂದರೆ ಅದು ಬಿಸಾಕುತ್ತದೆ. ಅದಕ್ಕೇ ವರ್ಚುವಲ್‌ಬಾಕ್ಸ್ ವೈಫೈ ಮೇಲೆ ಬ್ರಿಡ್ಜ್ ಮಾಡುವಾಗ ವಿಎಂನ ಮ್ಯಾಕ್ ಮುಚ್ಚಿಟ್ಟು ಲ್ಯಾಪ್‌ಟಾಪ್‌ನ ಮ್ಯಾಕ್ ಅಂಟಿಸಿ ಕಳಿಸುತ್ತದೆ. ಮನೆಯ ರೂಟರ್ ಇದನ್ನು ಒಪ್ಪಿಕೊಳ್ಳುತ್ತದೆ. ಹಾಸ್ಟೆಲ್, ಆಫೀಸ್ ವೈಫೈಗಳಲ್ಲಿ ಲಾಗಿನ್ ಪೇಜ್, ತಲೆಗೆ ಇಷ್ಟೇ ಡಿವೈಸ್ ಅನ್ನುವ ಲೆಕ್ಕ ಎಲ್ಲಾ ಇರುತ್ತದೆ. ಅಲ್ಲಿ ಬ್ರಿಡ್ಜ್ ಜೊತೆ ಗುದ್ದಾಡುವುದು ವೇಸ್ಟ್.

ಹಾಸ್ಟೆಲ್ ಹುಡುಗ · ಬೆಳಗ್ಗೆ 10:30

ಹೌದು ಅಕ್ಕಾ, ನಮ್ಮಲ್ಲಿ ಲಾಗಿನ್ ಪೇಜ್ ಇದೆ, ತಲೆಗೆ ಎರಡೇ ಡಿವೈಸ್.

ಈಗ ಎರಡನೇ ವಿಎಂ. ಮೊದಲನೆಯದನ್ನೇ ಕ್ಲೋನ್ ಮಾಡಿದೆ. ಹೋಸ್ಟ್-ಓನ್ಲಿಗೆ ಬೇರೆ ಮ್ಯಾಕ್ ಇದೆ, ನೋಡಿಕೊಂಡೆ, ಎರಡೂ 08:00:27 ಅಂತ ಶುರುವಾದರೂ ಮುಂದಿನದು ಬೇರೆ. ಸ್ಟಾಟಿಕ್ ಡಬಲ್ ಆಗಬಾರದು ಅಂತ ಎರಡರಲ್ಲೂ ಡಿಎಚ್‌ಸಿಪಿ ಮಾಡಿದೆ. ಈಗ ಎರಡಕ್ಕೂ 192.168.56.101! ಎಸ್‌ಎಸ್‌ಎಚ್ ಮಾಡಿದರೆ ಒಂದು ಸಲ ವೆಬ್ ಸರ್ವರ್, ಇನ್ನೊಂದು ಸಲ ಡೇಟಾಬೇಸ್. ದೆವ್ವ ಹಿಡಿದ ಹಾಗಿದೆ. ಮ್ಯಾಕ್ ಬೇರೆ ಇದ್ದರೆ ಐಪಿ ಬೇರೆ ಬರಬೇಕು ಅಂತ ನಮ್ಮ ಟೆಕ್ಸ್ಟ್‌ಬುಕ್ ಹೇಳುತ್ತದೆ.

ಹಳೇ ಪೆಂಗ್ವಿನ್ · ಬೆಳಗ್ಗೆ 10:52

ನಿನ್ನೆಯ ತಪ್ಪಿಗೆ ಇದು ಪ್ರಾಯಶ್ಚಿತ್ತ. ಈ ದೆವ್ವ ನನಗೆ ಚೆನ್ನಾಗಿ ಪರಿಚಯ.

ಟೆಕ್ಸ್ಟ್‌ಬುಕ್ ಹೇಳುವುದು ಸುಳ್ಳಲ್ಲ, ಅರ್ಧ ಮಾತ್ರ. ಐಪಿ ಕೇಳುವಾಗ ಕ್ಲೈಂಟ್ ತನ್ನ ಮ್ಯಾಕ್ ಜೊತೆ ಇನ್ನೊಂದು ಗುರುತನ್ನೂ ಹೇಳಬಹುದು, ಕ್ಲೈಂಟ್ ಐಡಿ ಅಂತ. ಅದು ಇದ್ದರೆ ಡಿಎಚ್‌ಸಿಪಿ ಸರ್ವರ್ ಅದನ್ನೇ ನಂಬುತ್ತದೆ. ಉಬುಂಟು ಸರ್ವರ್‌ನಲ್ಲಿ ಈ ಕೆಲಸ ಮಾಡುವುದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. ಅದು ಆ ಐಡಿಯನ್ನು ತಯಾರಿಸುವುದು ಎರಡು ವಿಷಯ ಸೇರಿಸಿ. ಒಂದು, ಇಂಟರ್‌ಫೇಸ್ ಹೆಸರು. ಎರಡು, ಎಟ್ಸಿ ಫೋಲ್ಡರ್‌ನಲ್ಲಿರುವ ಮಷೀನ್-ಐಡಿ ಫೈಲ್. ನೀನು ಡಿಸ್ಕ್ ಕ್ಲೋನ್ ಮಾಡಿದಾಗ ಆ ಫೈಲೂ ಹಾಗೇ ಬಂತು. ಹೆಸರು ಎರಡರಲ್ಲೂ ಇಎನ್‌ಪಿ0ಎಸ್8. ಇಬ್ಬರು ಒಂದೇ ರೇಷನ್ ಕಾರ್ಡ್ ಹಿಡಿದು ಬಂದರೆ ಅಂಗಡಿಯವನು ಒಂದೇ ಲೆಕ್ಕದಲ್ಲಿ ಬರೆದುಕೊಳ್ಳುತ್ತಾನೆ, ಹಾಗಾಗಿದೆ.

ಕ್ಲೋನ್ ಆದ ವಿಎಂ ಮಾತ್ರ ಆನ್ ಇಟ್ಟು, ಮಷೀನ್-ಐಡಿ ಫೈಲನ್ನು "ಸುಡೋ ಟ್ರಂಕೇಟ್" ಕಮಾಂಡ್‌ನಿಂದ ಸೈಜ್ 0 ಮಾಡು. ಖಾಲಿ ಮಾಡಿದರೆ ಸಾಕು, ಅಳಿಸಬೇಡ. ರೀಬೂಟ್ ಆದಾಗ ಹೊಸ ಐಡಿ ತಾನೇ ಬರೆದುಕೊಳ್ಳುತ್ತದೆ. ಇದು ಬೇಡ ಅಂದರೆ ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್, ಕೋಲನ್, ಮ್ಯಾಕ್ ಅಂತ ಒಂದು ಸಾಲು ಹಾಕಿದರೂ ಆಗುತ್ತದೆ. ನಾನು ಮೊದಲನೆಯದನ್ನೇ ಮಾಡು ಅನ್ನುತ್ತೇನೆ. ಡಿಎಚ್‌ಸಿಪಿ ಒಂದೇ ಅಲ್ಲ, ಬೇರೆ ಪ್ರೋಗ್ರಾಂಗಳೂ ಆ ಐಡಿ ನೋಡುತ್ತವೆ.

ಎಸ್‌ಎಸ್‌ಎಚ್ ಯಾಕೆ ಒಂದು ಮಾತೂ ಗೊಣಗದೆ ಎರಡಕ್ಕೂ ಒಳಗೆ ಬಿಟ್ಟಿತು, ಯೋಚನೆ ಮಾಡಿದೆಯಾ? ಬೇರೆ ಮಷೀನ್ ಆಗಿದ್ದರೆ "ಹೋಸ್ಟ್ ಗುರುತು ಬದಲಾಗಿದೆ" ಅಂತ ದೊಡ್ಡ ಅಕ್ಷರದಲ್ಲಿ ಕೂಗಿಕೊಳ್ಳಬೇಕಿತ್ತು. ಕೂಗಲಿಲ್ಲ, ಯಾಕೆಂದರೆ ಹೋಸ್ಟ್ ಕೀಗಳೂ ಕ್ಲೋನ್ ಆಗಿವೆ. ಎಟ್ಸಿ ಒಳಗೆ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಎಸ್‌ಎಸ್‌ಎಚ್-ಹೋಸ್ಟ್ ಅಂತ ಶುರುವಾಗುವ ಕೀ ಫೈಲ್‌ಗಳನ್ನು ಅಳಿಸಿ, "ಡಿಪಿಕೆಜಿ-ರೀಕಾನ್ಫಿಗರ್ ಓಪನ್‌ಎಸ್‌ಎಸ್‌ಎಚ್-ಸರ್ವರ್" ಓಡಿಸು. ಹೊಸ ಕೀ ಹುಟ್ಟುತ್ತದೆ. ಹೋಸ್ಟ್‌ನೇಮ್ ಕೂಡ ಬದಲಿಸು, ಇಲ್ಲದಿದ್ದರೆ ನಾಳೆ ಡೇಟಾಬೇಸ್ ಅಂದುಕೊಂಡು ವೆಬ್ ಸರ್ವರ್ ಡಿಲೀಟ್ ಮಾಡುತ್ತೀಯ.

ಬ್ಲ್ಯಾಕ್ ಕಾಫಿ · ಬೆಳಗ್ಗೆ 11:00

ಪ್ರಾಯಶ್ಚಿತ್ತ ಸ್ವೀಕಾರವಾಗಿದೆ ಸರ್ 🙏 ಎಸ್‌ಎಸ್‌ಎಚ್ ಕೀ ವಿಷಯ ನನಗೇ ಹೊಳೆದಿರಲಿಲ್ಲ.

ಹಾಸ್ಟೆಲ್ ಹುಡುಗ · ಸಂಜೆ 5:15

ಎಲ್ಲಾ ಆಯಿತು. ಒಂದಕ್ಕೆ 101, ಇನ್ನೊಂದಕ್ಕೆ 102 ಬಂತು. ಆಮೇಲೆ ಎರಡಕ್ಕೂ ಸ್ಟಾಟಿಕ್ ಮಾಡಿದೆ, 10 ಮತ್ತು 11. ಗೇಟ್‌ವೇ ಬರೆದಿಲ್ಲ! ವೆಬ್ ಸರ್ವರ್‌ನಿಂದ ಡೇಟಾಬೇಸ್‌ಗೆ ಕನೆಕ್ಷನ್ ಹೋಗುತ್ತಿದೆ. ಕೀ ಬದಲಿಸಿದ ಮೇಲೆ ವಿಂಡೋಸ್ ಕಡೆ ಆ ದೊಡ್ಡ ಅಕ್ಷರದ ಕೂಗಾಟ ಬಂತು, ಹೆದರಲಿಲ್ಲ. ಎಸ್‌ಎಸ್‌ಎಚ್-ಕೀಜೆನ್‌ಗೆ ದೊಡ್ಡ ಆರ್ ಆಯ್ಕೆ ಕೊಟ್ಟು ಹಳೇ ಗುರುತು ತೆಗೆದೆ.

ರೂಮ್‌ಮೇಟ್ ಕೂಡ ಇದನ್ನೇ ಮಾಡಿಕೊಂಡ, ಆದರೆ ಅವನ ವಿಎಂ ಬೂಟ್ ಆಗಲು ಎರಡು ನಿಮಿಷ ತಗೊಳ್ಳುತ್ತದೆ. ನೆಟ್‌ವರ್ಕ್ ಕಾನ್ಫಿಗರ್ ಆಗಲಿ ಅಂತ ಕಾಯುತ್ತಿದ್ದೇನೆ ಅನ್ನುವ ಸಾಲಿನ ಹತ್ತಿರ ನಿಲ್ಲುತ್ತದೆ. ಅವನು ಹೋಸ್ಟ್-ಓನ್ಲಿಗೆ ಡಿಎಚ್‌ಸಿಪಿ ಇಟ್ಟಿದ್ದಾನೆ.

ರೂಟ್ ರಾಗಿಮುದ್ದೆ · ಸಂಜೆ 5:40

ಅದು ಸಿಸ್ಟಮ್‌ಡಿಯ ವೇಟ್-ಆನ್‌ಲೈನ್ ಸರ್ವೀಸ್. ನೆಟ್‌ಪ್ಲಾನ್‌ನಲ್ಲಿ ಬರೆದ ಇಂಟರ್‌ಫೇಸ್‌ಗಳೆಲ್ಲ ತಯಾರಾಗಲಿ ಅಂತ 120 ಸೆಕೆಂಡ್ ಕಾಯುತ್ತದೆ. ಅವನ ವರ್ಚುವಲ್‌ಬಾಕ್ಸ್‌ನಲ್ಲಿ ಹೋಸ್ಟ್-ಓನ್ಲಿ ಜಾಲದ ಡಿಎಚ್‌ಸಿಪಿ ಸರ್ವರ್ ಆಫ್ ಆಗಿರಬೇಕು, ವಿಎಂ ಕೇಳುತ್ತಲೇ ಇರುತ್ತದೆ, ಕೊಡುವವರಿಲ್ಲ. ನೆಟ್‌ವರ್ಕ್ ಮ್ಯಾನೇಜರ್ ಪುಟದಲ್ಲಿ ಡಿಎಚ್‌ಸಿಪಿ ಟಿಕ್ ನೋಡಲು ಹೇಳಿ. ಇಲ್ಲಾ ನಿಮ್ಮ ಹಾಗೆ ಸ್ಟಾಟಿಕ್ ಮಾಡಿಕೊಳ್ಳಲಿ. ಆ ಇಂಟರ್‌ಫೇಸ್ ಕೆಳಗೆ ಆಪ್ಷನಲ್, ಕೋಲನ್, ಟ್ರೂ ಅಂತ ಒಂದು ಸಾಲು ಹಾಕಿದರೂ ಬೂಟ್ ಅದಕ್ಕಾಗಿ ಕಾಯುವುದಿಲ್ಲ, ಆದರೆ ಡಿಎಚ್‌ಸಿಪಿ ಸರ್ವರ್ ಆಫ್ ಇರುವವರೆಗೆ ಐಪಿ ಬರುವುದಿಲ್ಲ, ಅದು ನೆನಪಿರಲಿ.

ಹಾಸ್ಟೆಲ್ ಹುಡುಗ · ಸಂಜೆ 6:02

ಟಿಕ್ಕೇ ಇರಲಿಲ್ಲ ಸರ್. ಹಾಕಿದ ಕೂಡಲೇ ಸರಿಹೋಯಿತು. ರೂಮ್‌ಮೇಟ್ ಎಲ್ಲರಿಗೂ ಗೋಬಿ ಕೊಡಿಸುತ್ತಾನಂತೆ, ನಿಮ್ಮ ಪಾಲು ನಾನು ತಿನ್ನುತ್ತೇನೆ.